ನಿರ್ಮಲಾಳ ಗಂಟಲಲ್ಲಿ ನಾನು ಕಂಡದ್ದು

ನಾನು ನೋಡಿದ್ದೆ. ನೋಡಿಲ್ಲ ಅಂದೆ.

ವಿಷಯ ಇಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳೋಣ ಅಂತ ಇಟ್ಟುಕೊಂಡರೆ ನಾನು ಮತ್ತೆ ಜಾರಿಕೊಳ್ಳುವವನೇ — ಆರು ವರ್ಷ ಹಾಗೇ ಜಾರಿಕೊಂಡಿದ್ದೇನೆ. ನನ್ನ ಹೆಂಡತಿ ನಿರ್ಮಲಾ ಕೆಮ್ಮುವಾಗ ಅವಳ ಗಂಟಲಿನಿಂದ ಒಂದು ಮಾಂಸದ ತುಂಡು ಮೇಲೆ ಬಂದು, ತುಟಿ ದಾಟಿ ಹೊರಗೆ ಇಳಿಬಿದ್ದು, ಮತ್ತೆ ಒಳಗೆ ಹೋದದ್ದನ್ನು ನಾನು ಹಗಲು ಬೆಳಕಿನಲ್ಲಿ, ಐದಾರು ಅಡಿ ದೂರದಿಂದ ನೋಡಿದ್ದೆ. ಡಾಕ್ಟರು ಕೇಳಿದಾಗ ಇಲ್ಲ ಅಂದೆ. ಅವಳು ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

ನನ್ನ ಹೆಸರು ರುದ್ರೇಶ. ಭದ್ರಾವತಿಯಲ್ಲಿ ಸ್ವಂತ ಲೇತ್ ಅಂಗಡಿ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಬ್ಬಿಣ ಕೊರೆಯುವ ಕೆಲಸಕ್ಕೆ ಸೇರಿದವನು, ಯಾರ ಹಂಗೂ ಇಲ್ಲದೆ ಮೇಲೆ ಬಂದವನು — ಹೀಗಂತ ನಾನು ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದೆ, ಯಾರೂ ಕೇಳದಿದ್ದರೂ. ಮಿಲ್ಲಿನವರು ಸವೆದ ಶಾಫ್ಟು ತಂದರೆ ಅಳತೆಪಟ್ಟಿ ಹಿಡಿಯದೆ ಕಣ್ಣಲ್ಲೇ ಅಳತೆ ಹೇಳುತ್ತಿದ್ದೆ, ನೂಲಿನಷ್ಟೂ ತಪ್ಪುತ್ತಿರಲಿಲ್ಲ. "ಮೇಸ್ತ್ರಿ ಕಣ್ಣು ನೋಡಿದ್ರೆ ಮುಗೀತು" ಅನ್ನುತ್ತಿದ್ದರು. ನಿರ್ಮಲಾ ಪಿಯುಸಿ ಪಾಸಾದವಳು, ಹೊಳೆಹೊನ್ನೂರಿನವಳು. ನನಗಿಂತ ಹೆಚ್ಚು ಓದಿದವಳನ್ನು ಮದುವೆಯಾದೆ ಅನ್ನೋ ಹೆಮ್ಮೆಯೂ ಇತ್ತು. ಅದರ ಕೆಳಗೆ ಇನ್ನೊಂದೂ ಇತ್ತು — ಅದು ಹೆಮ್ಮೆಯಲ್ಲ.

ನಮ್ಮ ಮನೆಯಲ್ಲಿ ಊಟ ಅಂದರೆ ಪ್ರಸಾದ. ತಟ್ಟೆಯಲ್ಲಿ ಒಂದಗುಳೂ ಬಿಡಬಾರದು. ಉಂಡಾದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಲ್ಲಿ ಬಳಿದು ತೊಳೆದು, ಆ ನೀರು ಕುಡಿದೇ ಏಳಬೇಕು. ನಮ್ಮಪ್ಪ ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ನಿರ್ಮಲಾಳ ತವರಿನಲ್ಲೂ ಅದೇ ಪದ್ಧತಿ. ಅಂಥವಳು ಏಳೆಂಟು ವರ್ಷದ ಹಿಂದೆ ತಟ್ಟೆಯಲ್ಲಿ ಊಟ ಬಿಡತೊಡಗಿದಳು. ಮೊದಲು ಅರ್ಧ ರೊಟ್ಟಿ, ಆಮೇಲೆ ಮುಕ್ಕಾಲು. ನಮ್ಮವ್ವನ ಕಣ್ಣಿಗೆ ಬೀಳದಿರಲಿ ಅಂತ ತುಂಡುಗಳನ್ನು ತಟ್ಟೆ ತೊಳೆಯುವ ನೀರಿನಲ್ಲಿ ನೆನೆಸಿ, ಕಿವುಚಿ, ಗಂಜಿಯ ಹಾಗೆ ಮಾಡಿ ಕುಡಿಯುತ್ತಿದ್ದಳು. ಒಂದು ತಟ್ಟೆಗೆ ಮುಕ್ಕಾಲು ಗಂಟೆ. ಅವ್ವ ನೋಡೇ ನೋಡಿದಳು.

"ಏನೇ ಇದು ಮಾರಾಯ್ತಿ, ಎಮ್ಮೆಗೆ ಬಾನಿ ಕಲಸ್ದಂಗೆ? ನಮ್ಮನೆ ರೊಟ್ಟಿ ಗಂಟ್ಲಲ್ಲಿ ಇಳಿಯಲ್ವೇನು?"

"ಇಳೀತಿಲ್ಲ ಅತ್ತೆ. ನಿಜ್ವಾಗ್ಲೂ ಇಳೀತಿಲ್ಲ."

ನಾನು ಅವ್ವನ ಕಡೆಗೇ. ನಾನು ದುಡಿದು ತಂದ ಅಕ್ಕಿಯ ರೊಟ್ಟಿ ಇವಳಿಗೆ ಇಳಿಯುತ್ತಿಲ್ಲವಂತೆ — ನನ್ನ ತಲೆ ಹೋದದ್ದು ಅಷ್ಟೇ ದೂರ.

ಒಂದು ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅವಳು ಅಡುಗೆಮನೆ ಬಾಗಿಲಲ್ಲಿ ಬೆವತು ನಿಂತಿದ್ದಳು. "ರೀ, ನಗಬೇಡಿ" ಅಂದಳು. "ಕೆಮ್ಮು ಬಂತು. ಗಂಟಲಿಂದ ಏನೋ ಮೇಲೆ ಬಂತು ರೀ, ಮಾಂಸದ ತರ. ನಾಲಿಗೆ ಮೇಲೆ ಇನ್ನೊಂದು ನಾಲಿಗೆ ಬಂದಂಗೆ. ಕೈಯಲ್ಲಿ ಮುಟ್ಟಿದೆ. ನುಂಗಿದ್ಮೇಲೆ ಒಳಗೆ ಹೋಯ್ತು."

ನಗಬೇಡಿ ಅಂದಿದ್ದಳು. ನಾನು ನಕ್ಕೆ.

ಹಾಗಂತ ಡಾಕ್ಟರಿಗೆ ತೋರಿಸದವನಲ್ಲ. ತೋರಿಸಿದೆ. ಬಾಯಿಂದ ಪೈಪು ಇಳಿಸಿ ಕ್ಯಾಮೆರಾದಲ್ಲಿ ಅನ್ನನಾಳ, ಹೊಟ್ಟೆ ಎಲ್ಲ ನೋಡಿ, ಏನೂ ಇಲ್ಲ, ಸ್ವಲ್ಪ ಆಸಿಡಿಟಿ ಅಂದರು. ಆ ಕಾಗದ ಹಿಡಿದುಕೊಂಡು ಮನೆಗೆ ಬಂದ ದಿನ ನಾನು ಕೇಸು ಗೆದ್ದವನ ಹಾಗೆ ಇದ್ದೆ. ಅವತ್ತಿನಿಂದ ಅದೊಂದು ಕತೆಯಾಯಿತು ನನಗೆ. ಅಂಗಡಿಯಲ್ಲಿ ಹೇಳಿದೆ. ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಮುರುಗೇಶ ಮಾತ್ರ ನಗಲಿಲ್ಲ. "ಮೇಸ್ತ್ರಿ, ಅಕ್ಕ ಸುಮ್ನೆ ಹೇಳೋರಲ್ಲ, ನೋಡ್ರಿ ಒಂದ್ಸಲ" ಅಂದ. "ಕ್ಯಾಮೆರಾಗಿಂತ ಜಾಸ್ತಿ ನೋಡ್ತೀಯೇನೋ ನೀನು" ಅಂತ ಅವನ ಬಾಯಿ ಮುಚ್ಚಿಸಿದೆ. ಟೀ ಅಂಗಡಿಯಲ್ಲಿ ಹೇಳಿದೆ. ಹೊಸಮನೆ ಬಡಾವಣೆಯಲ್ಲಿ ನಮ್ಮ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಪಂಕ್ತಿಯಲ್ಲೇ ಕೂತು ಹೇಳಿದೆ — ಇವಳಿಗೆ ಎರಡು ನಾಲಿಗೆಯಂತೆ, ಒಂದು ಊಟಕ್ಕೆ, ಒಂದು ನನ್ನನ್ನು ಬೈಯೋಕೆ. ಇಡೀ ಸಾಲು ನಕ್ಕಿತು. ನಿರ್ಮಲಾ ಎದುರಿನ ಸಾಲಿನಲ್ಲಿ ಎಲೆ ನೋಡುತ್ತಾ ಕೂತಿದ್ದಳು.

ಅವಳ ತಮ್ಮ ಚನ್ನಬಸು ಅಲ್ಲೇ ಇದ್ದ. "ಭಾವ, ಅಕ್ಕ ಎಷ್ಟು ಇಳಿದುಹೋಗಿದಾಳೆ ನೋಡಿ. ಇನ್ನೊಬ್ಬ ಡಾಕ್ಟ್ರಿಗೆ ತೋರ್ಸೋಣ" ಅಂದ.

"ತೋರ್ಸು ಮಾರಾಯ, ದೆಹಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಅವಳ ಗಂಟಲಲ್ಲಿ ಏನಾದ್ರೂ ಸಿಕ್ಕಿದ್ರೆ ಈ ಮೀಸೆ ಬೋಳಿಸ್ತೀನಿ" ಅಂದೆ. ಮತ್ತೆ ನಗು.

ಇದಾಗಿ ಹತ್ತು ದಿನವೂ ಆಗಿರಲಿಲ್ಲ.

ಬೆಳಗ್ಗೆ ಎಂಟು ಗಂಟೆ. ನಾನು ಅಂಗಡಿಗೆ ಹೊರಟವನು ಹಿತ್ತಲಲ್ಲಿ ಒಣಹಾಕಿದ್ದ ಟವೆಲ್ ತೆಗೆದುಕೊಳ್ಳೋಕೆ ಹೋದೆ. ನಿರ್ಮಲಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ಕೆಮ್ಮುತ್ತಿದ್ದಳು. ಸಾಧಾರಣ ಕೆಮ್ಮಲ್ಲ, ಹೊಟ್ಟೆ ಕಿತ್ತು ಬರುವಂಥದ್ದು. ಆಮೇಲೆ ಕೆಮ್ಮು ಫಕ್ಕನೆ ನಿಂತಿತು, ಮತ್ತು ಅವಳ ಬಾಯಿಂದ — ಅದು ಬಂತು. ನಸುಗೆಂಪು, ನಯ, ಲೋಳೆಯಿಂದ ಹೊಳೆಯುತ್ತಿತ್ತು. ಹೆಬ್ಬೆರಳಿಗಿಂತ ದಪ್ಪ. ತುದಿಯಲ್ಲಿ ಇನ್ನೂ ದಪ್ಪ. ಗದ್ದದವರೆಗೂ ಇಳಿಬಿದ್ದಿತ್ತು. ಉಸಿರು ಸಿಗದೆ ಅವಳ ಕಣ್ಣು ಮೇಲೆ ಹೋಗಿತ್ತು. ಎರಡೂ ಕೈಯಿಂದ ಅದನ್ನು ಒಳಕ್ಕೆ ತಳ್ಳಿದಳು. ಗಂಟಲು ಏರಿ ಇಳಿಯಿತು. ಮುಖಕ್ಕೆ ನೀರು ಚಿಮುಕಿಸಿಕೊಂಡು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡಳು.

ನಾನು ಏನು ಮಾಡಬೇಕಿತ್ತು? ಓಡಬೇಕಿತ್ತು. ಹಿಡಿದುಕೊಳ್ಳಬೇಕಿತ್ತು. ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟು ಬಾಗಿಲಿನ ಮರೆಗೆ ಸರಿದೆ. ಹೆದರಿಕೆಯಿಂದ ಅಂತ ಬರೆಯಬಹುದು — ಬರೆದರೆ ಸುಳ್ಳಾಗುತ್ತದೆ. ಹೆದರಿಕೆಗಿಂತ ಮೊದಲು ನನ್ನ ತಲೆಗೆ ಬಂದದ್ದು ಹೊಸಮನೆಯ ಆ ಪಂಕ್ತಿ. ನಕ್ಕವರ ಮುಖಗಳು. ಹೆಂಡತಿ ಉಸಿರುಗಟ್ಟಿ ನಿಂತಿದ್ದಾಗ ನಾನು ನನ್ನ ಮೀಸೆ ನೆನೆಸಿಕೊಂಡೆ.

ಟವೆಲ್ ಇಲ್ಲದೇ ಅಂಗಡಿಗೆ ಹೋದೆ. ಅವತ್ತು ಎರಡು ಶಾಫ್ಟು ಕೆಡಿಸಿದೆ. ಸಂಜೆ ಹೇಳಿಬಿಡೋಣ ಅಂದುಕೊಂಡೆ. ಸಂಜೆ ಮನೆಯಲ್ಲಿ ಅವ್ವ ಇದ್ದಳು. ನಾಳೆ ಅಂದುಕೊಂಡೆ. ನಾಳೆ ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾಳೆ. ಹೀಗೆ ಒಂದೊಂದು ದಿನ ಹೋದ ಹಾಗೂ ಬಾಯಿ ಬಿಡೋದು ಇನ್ನಷ್ಟು —

ಅಷ್ಟರಲ್ಲಿ ಚನ್ನಬಸು ಶಿವಮೊಗ್ಗದಲ್ಲಿ ಒಬ್ಬ ಹೊಟ್ಟೆ-ಕರುಳಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡ. ಮೂವರೂ ಹೋದೆವು. ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯವರು. ನಿರ್ಮಲಾ ಹೇಳಿದ್ದನ್ನು ಪೂರ್ತಿ ಕೇಳಿದರು. ಹಳೆಯ ರಿಪೋರ್ಟು ನೋಡಿದರು. ಪೆನ್ನು ಕೆಳಗಿಟ್ಟು ಕೇಳಿದರು:

"ಇವರು ಹೇಳ್ತಿರೋದನ್ನ ಮನೇಲಿ ಯಾರಾದ್ರೂ ಕಣ್ಣಾರೆ ನೋಡಿದೀರಾ?"

ಚನ್ನಬಸು ನನ್ನ ಮುಖ ನೋಡಿದ. ನಿರ್ಮಲಾ ನೋಡಲಿಲ್ಲ. ನನ್ನಿಂದ ಅವಳಿಗೆ ಯಾವ ನಿರೀಕ್ಷೆಯೂ ಇರಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಇಲ್ಲ ಸಾರ್. ಅವಳಿಗೆ ಹಂಗನ್ಸುತ್ತೆ ಅಷ್ಟೆ."

ಐದೇ ಐದು ಶಬ್ದ.

ಡಾಕ್ಟರು ಇನ್ನೊಂದು ಸಲ ಕೇಳಿದರು, "ಖಚಿತನಾ?" ಅಂತ. ನಾನು ತಲೆಯಾಡಿಸಿದೆ. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುವುದು ಮನಸ್ಸಿನ ಒತ್ತಡದಿಂದಲೂ ಆಗುತ್ತದೆ, ಹೆದರಬೇಡಿ ಅಂತ ಅವಳಿಗೆ ಸಮಾಧಾನ ಹೇಳಿ, ಆಸಿಡಿಟಿ ಮಾತ್ರೆ ಬರೆದು, ಮಾನಸಿಕ ತಜ್ಞರೊಬ್ಬರಿಗೆ ಚೀಟಿ ಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಅವರು ಕೇಳಬೇಕಾದವನನ್ನೇ ಕೇಳಿದ್ದರು.

ಆಮೇಲೆ ಏಳು ತಿಂಗಳು. ದಿನಾ ಊಟವಾದ ಮೇಲೆ, ಆ ಮಾನಸಿಕ ತಜ್ಞರು ಬರೆದುಕೊಟ್ಟ, ಮಂಪರು ಬರುವ ಮಾತ್ರೆ ಒಂದು. ಅವಳು ಮರೆಯುತ್ತಾಳೆ ಅಂತ ನಾನೇ ಬಿಡಿಸಿ ಅಂಗೈಗೆ ಹಾಕುತ್ತಿದ್ದೆ, ನೀರು ಕೊಡುತ್ತಿದ್ದೆ. ಎಷ್ಟು ಕಾಳಜಿ ಮಾಡ್ತಾನೆ ಅಂತ ಬೀದಿಯವರು ಅಂದರು. ಮಾತ್ರೆಯನ್ನೂ ಪುಡಿ ಮಾಡಿ ಕುಡಿಯುತ್ತಿದ್ದಳು. ಸೀರೆ ಉಡುವಾಗ ನೆರಿಗೆ ಜಾಸ್ತಿ ಬರತೊಡಗಿತು. ಮಾತು ಕಮ್ಮಿಯಾಯಿತು. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ವಾಪಸು ಬಂದು ಏನೂ ಹೇಳುತ್ತಿರಲಿಲ್ಲ.

ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೂತವಳು, ತನಗೆ ತಾನೇ ಅನ್ನುವ ಹಾಗೆ ಅಂದಳು: "ನಂಗೇ ಹಂಗನ್ಸುತ್ತೇನೋ ರೀ. ಏನೂ ಬರ್ತಿಲ್ವೇನೋ. ನನ್ನ ಕೈಯೂ ಸುಳ್ಳು ಹೇಳೋಕೆ ಶುರು ಮಾಡಿರ್ಬೇಕು."

ಅಲ್ಲಿ ಹೇಳಬಹುದಿತ್ತು. ಅವಳು ಮುಟ್ಟಿದ್ದು, ಹಿಡಿದದ್ದು, ತಳ್ಳಿದ್ದು ಎಲ್ಲ ನಿಜ ಅಂತ ಗೊತ್ತಿದ್ದವನು ಈ ಭೂಮಿ ಮೇಲೆ ನಾನೊಬ್ಬನೇ. ಎದುರಿಗೇ ಕೂತಿದ್ದೆ. "ಸರಿ ಹೋಗುತ್ತೆ ಬಿಡು" ಅಂದೆ. ಅವಳ ದೇಹ ಕೆಟ್ಟದ್ದಕ್ಕೆ ನಾನು ಕಾರಣನಲ್ಲ, ಆದರೆ ಅವಳು ತನ್ನನ್ನೇ ನಂಬದ ಹಾಗಾದದ್ದು — ಅದು ನನ್ನ ಕೈಯ ಕೆಲಸ.

ಅವಳ ಗಂಟಲಿನದ್ದು ಬಯಲಾದದ್ದು ಶಿವಮೊಗ್ಗದ ಹತ್ತಿರ, ತ್ಯಾವರೆಕೊಪ್ಪದಲ್ಲಿ. ಚನ್ನಬಸುವಿನ ಮನೆಯವರೆಲ್ಲ ಸಫಾರಿ ನೋಡೋಕೆ ಹೊರಟಿದ್ದರು, ಅಕ್ಕನಿಗೂ ಮನಸ್ಸು ಹಗುರ ಆಗಲಿ ಅಂತ ನಮ್ಮನ್ನೂ ಕರೆದಿದ್ದರು. ಹುಲಿ ಸಿಂಹ ನೋಡಿ ಬಂದು, ಗೇಟಿನ ಹೊರಗೆ ಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನ ಬಿಚ್ಚಿದ್ದೆವು. ನಿರ್ಮಲಾ ಎರಡನೇ ತುತ್ತಿಗೆ ಕೆಮ್ಮಿದಳು. ಬಚ್ಚಿಟ್ಟುಕೊಳ್ಳೋಕೆ ಬಾಗಿಲು ಇರಲಿಲ್ಲ. ಎದ್ದು ಓಡೋಕೆ ನೋಡಿದಳು, ಮೊಣಕಾಲ ಮೇಲೆ ಬಿದ್ದಳು. ಬಾಯಿಂದ ಅದು ಹೊರಗೆ ಬಂತು, ಈ ಸಲ ವಾಪಸು ಹೋಗಲಿಲ್ಲ. ಮುಖ ಕಪ್ಪಿಟ್ಟಿತು.

ಸೌತೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಸಾಕಿ ಓಡಿ ಬಂದಳು. "ಅಯ್ಯೋ ಯಾರಾದ್ರೂ ಬರ್ರೋ! ಗಂಟಲು ಕಿತ್ಕೊಂಡು ಬಂದೈತೆ!" ಅಂತ ಕೂಗುತ್ತಲೇ ನಿರ್ಮಲಾಳ ತಲೆಯನ್ನು ತೊಡೆಗೆ ಒತ್ತಿಕೊಂಡು, "ನುಂಗು ತಾಯಿ, ನುಂಗು, ಹೆದ್ರಬ್ಯಾಡ" ಅಂತ ಬೆನ್ನು ಸವರಿದಳು. ಎಷ್ಟು ಹೊತ್ತೋ — ನನಗೆ ಲೆಕ್ಕ ಸಿಗಲಿಲ್ಲ — ಕೊನೆಗೆ ನಿರ್ಮಲಾ ಅದನ್ನು ಬೆರಳಲ್ಲಿ ತಳ್ಳಿ ನುಂಗಿದಳು, ಉಸಿರು ಬಂತು. ಹೆಸರು ಗೊತ್ತಿಲ್ಲದ ಆ ಹೆಂಗಸು ಮಾಡಿದ್ದನ್ನು ನಾನು ಏಳೆಂಟು ತಿಂಗಳ ಹಿಂದೆ ನಮ್ಮ ಹಿತ್ತಲಲ್ಲಿ ಮಾಡಬೇಕಿತ್ತು.

ನೇರ ಶಿವಮೊಗ್ಗಕ್ಕೆ, ಅದೇ ಡಾಕ್ಟರ ಹತ್ತಿರ. "ನಾನು ನೋಡಿದೆ ಸಾರ್" ಅಂದ ಚನ್ನಬಸು. ಡಾಕ್ಟರು ನನ್ನ ಕಡೆ ತಿರುಗಿದರು. ಮತ್ತೊಂದು ಅವಕಾಶ ಸಿಕ್ಕಿತ್ತು.

"ನಾನೂ ಇವತ್ತೇ ಮೊದಲು ನೋಡಿದ್ದು ಸಾರ್."

ಡಾಕ್ಟರು ಹಳೆಯ ಫೈಲು ತೆರೆದರು. "ಅವತ್ತು ಯಾರಾದ್ರೂ ಒಬ್ಬರು ನೋಡಿದೀನಿ ಅಂದಿದ್ರೆ ಅವತ್ತೇ ಸ್ಕ್ಯಾನ್ ಮಾಡಿಸ್ತಿದ್ದೆ. ನಂದೂ ತಪ್ಪಾಯ್ತು" ಅಂದರು. ಅವರ ತಪ್ಪಲ್ಲದ್ದನ್ನು ಅವರು ಒಪ್ಪಿಕೊಂಡರು. ನನ್ನದನ್ನು ನಾನು ಇಟ್ಟುಕೊಂಡೆ.

ಸ್ಕ್ಯಾನ್ ಆಯಿತು. ಚಿತ್ರ ಬರೆದು ತೋರಿಸಿದರು. ಅನ್ನನಾಳದ ಬಾಯಿಯ ಹತ್ತಿರ, ಗಂಟಲು ಮುಗಿಯುವಲ್ಲೇ, ಒಂದು ಸಣ್ಣ ತೊಟ್ಟು. ಆ ತೊಟ್ಟಿನಿಂದ ಒಂದು ಗಡ್ಡೆ ಒಳಗೆ ಉದ್ದಕ್ಕೆ ಇಳಿಬಿದ್ದಿದೆ. ಕೊಬ್ಬು, ನಾರು, ರಕ್ತನಾಳ ಸೇರಿ ಬೆಳೆದದ್ದು. ಕ್ಯಾನ್ಸರ್ ಅಲ್ಲ. ಇಂಥದ್ದು ಬಹಳ ಅಪರೂಪ, ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ ಅಂದರು. ಅದರ ಮೇಲಿನ ಚರ್ಮ ಅನ್ನನಾಳದ ಒಳಚರ್ಮದ ಹಾಗೇ ಇರುವುದರಿಂದ, ತೊಟ್ಟು ಇರುವ ಜಾಗವನ್ನು ಪೈಪು ಬೇಗ ದಾಟಿಬಿಡುವುದರಿಂದ, ಮೊದಲ ಸಲ ಕಣ್ಣು ತಪ್ಪಿಸಿಕೊಂಡಿತ್ತು. ಕ್ಯಾನ್ಸರ್ ಅಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ — ಮೇಲೆ ಬಂದು ಶ್ವಾಸದ ದಾರಿ ಮುಚ್ಚಿದರೆ ನಿಂತ ನಿಲುವಲ್ಲೇ ಜೀವ ಹೋಗಬಹುದು.

ನಿಂತ ನಿಲುವಲ್ಲೇ. ಏಳು ತಿಂಗಳಲ್ಲಿ ಎಷ್ಟು ದಿನ ಅವಳು ಹಿತ್ತಲ ಬಾಗಿಲು ಹಾಕಿಕೊಂಡಿದ್ದಳು!

ಕುತ್ತಿಗೆ ಕೊಯ್ಯಲಿಲ್ಲ. ಮಂಗಳೂರಿನಿಂದ ಇನ್ನೊಬ್ಬ ತಜ್ಞರು ಬಂದರು. ಅರಿವಳಿಕೆ ಕೊಟ್ಟು, ಉಸಿರಿಗೆ ಬೇರೆ ನಳಿಕೆ ಹಾಕಿ, ಬಾಯಿಂದಲೇ ಕ್ಯಾಮೆರಾ ಪೈಪು ಇಳಿಸಿದರು. ತೊಟ್ಟಿನೊಳಗೆ ರಕ್ತನಾಳ ಇತ್ತಂತೆ, ರಕ್ತ ಹರಿಯದ ಹಾಗೆ ಮೊದಲು ತೊಟ್ಟಿನ ಬುಡವನ್ನು ಬಿಗಿಯಾಗಿ ಕಟ್ಟಿದರು. ಆಮೇಲೆ ತಂತಿಯ ಕುಣಿಕೆ ಹಾಕಿ, ಕರೆಂಟಿನ ಕಾವಿನಿಂದ ಕತ್ತರಿಸಿ, ಬಾಯಿಂದಲೇ ಹೊರಗೆ ತೆಗೆದರು. ಲ್ಯಾಬಿಗೆ ಕಳಿಸುವ ಮುಂಚೆ ಬಾಟಲಿಯಲ್ಲಿ ತೋರಿಸಿದರು. ಒಂದು ಗೇಣು. ನಾನು ಹಿತ್ತಲಲ್ಲಿ ಕಣ್ಣಲ್ಲೇ ಅಳೆದದ್ದಕ್ಕಿಂತ ಎರಡು ಬೆರಳು ಬೆಳೆದಿತ್ತು.

ಮಾರನೇ ದಿನ ನೀರು, ಆಮೇಲೆ ಗಂಜಿ, ಒಂದು ವಾರಕ್ಕೆ ಮನೆ. ಲ್ಯಾಬಿನಿಂದಲೂ ಕ್ಯಾನ್ಸರ್ ಅಲ್ಲ ಅಂತಲೇ ಬಂತು. ನೋಡೋಕೆ ನೆಂಟರೆಲ್ಲ ಬಂದರು, ಹೊಸಮನೆಯವರೂ ಬಂದರು. ಚನ್ನಬಸು ನಗುತ್ತಾ ಅಂದ: "ಏನ್ ಭಾವ, ಮೀಸೆ ಯಾವಾಗ?"

ನಾನು ಬಾಯಿ ತೆಗೆಯುವ ಮುಂಚೆ ನಿರ್ಮಲಾ ಅಂದಳು, ಗಂಟಲು ಇನ್ನೂ ಒರಟಾಗಿತ್ತು: "ಬಿಡೋ ಚನ್ನು. ಪಾಪ, ಅವ್ರು ನೋಡಿರ್ಲಿಲ್ಲ. ನೋಡ್ದೆ ಹೆಂಗೆ ನಂಬ್ತಾರೆ? ನೋಡಿದ್ದಿದ್ರೆ ಅವ್ರು ಬಿಡ್ತಿರ್ಲಿಲ್ಲ."

ಆ ಕ್ಷಮೆ ನನ್ನದಲ್ಲ. ಅದು ನೋಡದೇ ಇದ್ದ ಒಬ್ಬ ಗಂಡನಿಗೆ ಅವಳು ಕೊಟ್ಟದ್ದು, ಅಂಥವನು ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಅದನ್ನು ತೆಗೆದುಕೊಂಡೆ. ಆರು ವರ್ಷ ಅದರ ಮೇಲೆ ಬದುಕಿದೆ. ಅವಳು ಮೈತುಂಬಿಕೊಂಡಳು, ಮಾತ್ರೆ ನಿಂತಿತು, ನಗು ವಾಪಸು ಬಂತು. ಇನ್ನು ಯಾಕೆ ಹೇಳಬೇಕು ಅಂತ ನನ್ನನ್ನು ನಾನೇ —

ಹೋದ ತಿಂಗಳು ಶಿವಮೊಗ್ಗಕ್ಕೆ ಚೆಕಪ್‌ಗೆ ಹೋಗಿದ್ದೆವು. ಹೊರಗೆ ಬೆಂಚಿನ ಮೇಲೆ ಒಂದು ಗಂಡ-ಹೆಂಡತಿ. ಆ ಹೆಂಗಸಿಗೂ ಊಟ ಇಳಿಯುತ್ತಿಲ್ಲವಂತೆ. ಗಂಡ ಮೊಬೈಲ್ ನೋಡುತ್ತಾ, "ಇವಳದ್ದು ದಿನಾ ಒಂದು ಪುರಾಣ" ಅಂದ. ನಿರ್ಮಲಾ ಅವನ ಕಡೆ ತಿರುಗಿದಳು.

"ಹಂಗನ್ಬೇಡಿ ಅಣ್ಣ. ನಮ್ಮನೆಯವ್ರೂ ನಂಬಿರ್ಲಿಲ್ಲ. ಆದ್ರೆ ಒಂದು ಮಾತು, ಇವ್ರು ಸುಳ್ಳು ಹೇಳೋರಲ್ಲ. ಕಣ್ಣಿಗೆ ಬಿದ್ದಿದ್ರೆ ಅವತ್ತೇ ಡಾಕ್ಟ್ರಿಗೆ ಹೇಳ್ತಿದ್ರು. ನೀವೂ ಒಂದ್ಸಲ ಪಕ್ಕ ಕೂತು ನೋಡಿ."

ಆ ಗಂಡ ನನ್ನ ಮುಖ ನೋಡಿ ಮೊಬೈಲ್ ಜೇಬಿಗೆ ಹಾಕಿಕೊಂಡ. ನನ್ನನ್ನು ಸಾಕ್ಷಿಗೆ ನಿಲ್ಲಿಸಿ ಅವಳು ಇನ್ನೊಬ್ಬ ಹೆಂಗಸನ್ನು ಉಳಿಸುತ್ತಿದ್ದಳು.

ಚೆಕಪ್ ಚೆನ್ನಾಗಿತ್ತು, ಮತ್ತೆ ಬೆಳೆದಿಲ್ಲ ಅಂದರು. ವಾಪಸು ಬರುವ ಬಸ್ಸು ಶಿವಮೊಗ್ಗ ದಾಟಿದ ಮೇಲೆ ನಾನು ಹೇಳಿದೆ. ಹಿತ್ತಲು, ಕಲ್ಲು, ಟವೆಲ್, ಬಾಗಿಲ ಮರೆ. ಯಾಕೆ ಅಂತಲೂ ಹೇಳಿದೆ. ಸೀಟಿನ ಕಂಬಿ ಹಿಡಿದುಕೊಂಡು, ಎದುರು ಸೀಟಿನವರಿಗೆ ಕೇಳಿದರೂ ಕೇಳಲಿ ಅಂತ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಭದ್ರಾವತಿ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದೇ ಪ್ರಶ್ನೆ ಕೇಳಿದಳು. "ಗೊತ್ತಿದ್ದೂ ಆ ಮಾತ್ರೆ ದಿನಾ ನನ್ನ ಕೈಗೆ ಹಾಕ್ತಿದ್ರಾ?"

"ಹೌದು."

ಮೂರು ದಿನ ಮಾತಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ತಾನು ಆಮೇಲೆ ಉಂಡಳು. ನಾಲ್ಕನೇ ದಿನ ಸಂಜೆ ನಾನು ಕೈಯ ಗ್ರೀಸು ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತಳು.

"ಚನ್ನುಗೆ ಹೇಳಿ. ಹೊಸಮನೆಯವ್ರಿಗೆ ಹೇಳಿ. ಯಾರ್ಯಾರು ನಕ್ಕಿದ್ರೋ ಅವ್ರಿಗೆಲ್ಲ ಹೇಳಿ. ನೀವೇ ಹೇಳ್ಬೇಕು. ನಾನು ಹೇಳಿದ್ರೆ ಯಾರು ನಂಬ್ತಾರೆ?"

ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಲೂ ಹಾಗೇ ಅಂದುಕೊಂಡು ಹೇಳಿದ್ದು. ಗಡ್ಡೆ ಹೋಗಿ ಆರು ವರ್ಷವಾದರೂ, ತನ್ನ ಮಾತಿಗೆ ಬೆಲೆ ಇಲ್ಲ ಅನ್ನುವುದು ಅವಳಲ್ಲಿ ಉಳಿದುಕೊಂಡಿದೆ. ಅದನ್ನು ತೆಗೆಯುವ ಡಾಕ್ಟರು ಇಲ್ಲ.

ಅವ್ವನಿಗೆ ಹೇಳಿದೆ. "ಈಗ್ಯಾಕಪ್ಪ ಅದೆಲ್ಲ, ಮುಗೀತಲ್ಲ" ಅಂದಳು. ಮುಗಿದಿಲ್ಲ ಅವ್ವ ಅಂದೆ. ಅಂಗಡಿಯಲ್ಲಿ ಹೇಳಿದೆ, ಮುರುಗೇಶ ಮಷೀನು ಆಫ್ ಮಾಡಿ ಕೇಳಿದ, ಆಮೇಲೆ ಆನ್ ಮಾಡಿದ. ಅವನು ನನ್ನನ್ನು ಮೇಸ್ತ್ರಿ ಅನ್ನುವಾಗ ಈಗ ಸ್ವಲ್ಪ ತಡವರಿಸುತ್ತಾನೆ. ಟೀ ಅಂಗಡಿಯಲ್ಲಿ ನಕ್ಕವರೆಲ್ಲ ಎಲ್ಲೆಲ್ಲಿದ್ದಾರೋ ನನಗೆ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಕೈಬರಹ ಚೆನ್ನಾಗಿಲ್ಲ, ತಿದ್ದಿ ಕೊಡು ಅಂತ ಅವಳನ್ನು ಕೇಳಲಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊಳೆಹೊನ್ನೂರಿಗೆ ಹೋಗುತ್ತೇನೆ, ಚನ್ನಬಸುವಿನ ಮನೆಗೆ; ಅಲ್ಲಿಂದ ಬಂದು ಹೊಸಮನೆಗೆ. ಬರ್ತೀಯಾ ಅಂತ ನಿರ್ಮಲಾಳನ್ನು ಕೇಳಿದೆ. ಇಲ್ಲ ಅಂದಳು.